ಅಬಕಾರಿ ಮಾವ, ಟೀ ಪಾಟಿನ ಬಿಯರ್

ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಮದ್ಯ ನಿಷೇಧ ಮಾಡಿದಾಗ ಜನ ನೆಲಮಾಳಿಗೆಗೆ ಇಳಿದು, ಗುಟ್ಟಾಗಿ ಬಾಗಿಲು ತಟ್ಟಿ ಕುಡಿಯುತ್ತಿದ್ದರಂತೆ. ಕಳ್ಳಸಾಗಣೆ, ಗುಂಡಿನ ಸದ್ದು, ಏನು ಭರಾಟೆ! ಜಪಾನಿನಲ್ಲಿ ನಾವಿರುವ ಕಾವಾಸಾಕಿ ಊರಿಗೆ ಬಂದ ನಿಷೇಧಕ್ಕೆ ಅಷ್ಟೆಲ್ಲ ಯೋಗ್ಯತೆ ಇರಲಿಲ್ಲ. ಕೊರೊನಾದ ಎರಡನೇ ವರ್ಷ, ಊಟದ ಅಂಗಡಿಗಳಲ್ಲಿ ದಯವಿಟ್ಟು ಮದ್ಯ ಕೊಡಬೇಡಿ ಅಂತ ಸರ್ಕಾರ ವಿನಂತಿ ಮಾಡಿಕೊಂಡಿತು. ವಿನಂತಿ ಅಷ್ಟೇ. ಕೇಳದಿದ್ದರೆ ದಂಡ ಅನ್ನುವುದು ಬೇರೆ ಮಾತು. ಅದೇ ಬಿಯರನ್ನು ಪಕ್ಕದ ಕೊಂಬಿನಿಯಲ್ಲಿ, ಅಂದರೆ ಹಗಲೂರಾತ್ರಿ ತೆರೆದಿರುವ ದಿನಸಿ ಅಂಗಡಿಯಲ್ಲಿ, ಹಾಲಿನ ಜೊತೆಗೇ ಜೋಡಿಸಿಟ್ಟಿದ್ದರು. ಕೊಂಡು ತಂದು ಫುಟ್‌ಪಾತಿನಲ್ಲಿ ಗುಂಪುಗುಂಪಾಗಿ ಕುಡಿದರೆ ವೈರಸ್ಸಿಗೆ ಏನೂ ಬೇಜಾರಿಲ್ಲ, ಅಂಗಡಿಯ ಕುರ್ಚಿಯಲ್ಲಿ ಒಬ್ಬರೇ ಕೂತು ಕುಡಿದರೆ ಮಾತ್ರ ಅದಕ್ಕೆ ಕೋಪ. ಎಂಥಾ ಬುದ್ಧಿವಂತ ವೈರಸ್ಸಪ್ಪಾ!

ನಮ್ಮ ಫ್ಲಾಟಿನ ಕೆಳಗೇ ಒಂದು ಪುಟ್ಟ ಇಝಕಾಯಾ ಇತ್ತು. ಅಂದರೆ ಕುಡಿಯುತ್ತಾ ಏನಾದರೂ ಕುರುಕುವ ಅಂಗಡಿ. ಒಂದು ಉದ್ದ ಮೇಜು, ಅದರಾಚೆ ಒಲೆ, ಒಲೆಯ ಮುಂದೆ ಅರವತ್ತು ದಾಟಿದ ಯಜಮಾನಿ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದರು. ಹಿಂದಿನ ಕೋಣೆಯಲ್ಲೇ ವಾಸ. ಅಂಗಡಿ ಹೋದರೆ ಮನೆಯೂ ಹೋಗುತ್ತದೆ ಅಂತ ನನಗೊಮ್ಮೆ ನಗುನಗುತ್ತಲೇ ಹೇಳಿದ್ದರು.

ಇನ್ನು ನಮ್ಮ ಮಾವನವರು. ಮೊಮ್ಮಗಳನ್ನು ನೋಡಿಕೊಂಡು ಹೋಗೋಣ ಅಂತ ಮೈಸೂರಿನಿಂದ ಬಂದವರು, ವಿಮಾನ ನಿಂತು ಸಿಕ್ಕಿಹಾಕಿಕೊಂಡರು. ವಿಮಾನ ಮತ್ತೆ ಹಾರುವ ಹೊತ್ತಿಗೆ ಮೈಸೂರಿನಲ್ಲಿ ಎರಡನೇ ಅಲೆ. ಅಬಕಾರಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು, ಜೀವಮಾನವಿಡೀ ಕಳ್ಳಭಟ್ಟಿ ಹಿಡಿದವರು, ತುಟಿಗೆ ಒಂದು ಹನಿ ಸೋಕಿಸದವರು. ಅಂಥವರನ್ನು ಎರಡು ಕೋಣೆಯ ಫ್ಲಾಟಿನಲ್ಲಿ ಕೂರಿಸಿ, ಮಗ ಒಂದು ಕಡೆ ಮೀಟಿಂಗು, ಸೊಸೆ ಇನ್ನೊಂದು ಕಡೆ ಮೀಟಿಂಗು. ಮೊಮ್ಮಗಳೋ, ತಾತ ಕನ್ನಡದಲ್ಲಿ ಕೇಳಿದ್ದಕ್ಕೆ ಜಪಾನಿಯಲ್ಲಿ ಉತ್ತರ ಕೊಡುವ ಮಹಾರಾಯಿತಿ. ಬಾಯಿ ಬಿಟ್ಟರೆ ಸಾಕು, "ಮಾವ, ಸ್ವಲ್ಪ ಮೆತ್ತಗೆ, ಕಾಲ್‌ನಲ್ಲಿದ್ದೀನಿ" ಅಂತ ನಾನು. ಹಾಗಾಗಿ ಅವರು ಮಧ್ಯಾಹ್ನವಾದರೆ ಕೆಳಗಿಳಿದುಬಿಡುತ್ತಿದ್ದರು. ಬೇಯಿಸಿದ ಎಳೆ ಸೋಯಾಕಾಯಿಯನ್ನು ಅವರೆಕಾಯಿ ಅಂತಲೇ ಸುಲಿದು ತಿನ್ನುತ್ತಾ, ಟೀ ಕುಡಿಯುತ್ತಾ, ಯಜಮಾನಿ ಜೊತೆ ಹರಟೆ. ಇವರದು ಕನ್ನಡ, ಅವರದು ಜಪಾನಿ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಕಾರಣ ಜಗಳಕ್ಕೆ ಆಸ್ಪದವೇ ಇರಲಿಲ್ಲ.

ಒಂದು ಸಂಜೆ ಮೀಸೆ ಕುಣಿಸುತ್ತಾ ಮೇಲೆ ಬಂದರು. "ಟೀ ಪಾಟಿನಲ್ಲಿ ಬಿಯರ್ ಹಾಕಿ ಕೊಡ್ತಿದ್ದಾರಮ್ಮಾ ಆಕೆ! ನನ್ನ ಮೂಗಿಗೆ ಗೊತ್ತಾಗಲ್ವಾ?"

ಹಳೇ ಗಿರಾಕಿಗಳು ನಾಲ್ಕಾರು ಜನ, ಅವರೂ ಬಾರದಿದ್ದರೆ ಬಾಗಿಲು ಹಾಕಬೇಕು. ಸರ್ಕಾರದ ಪರಿಹಾರ ಇನ್ನೂ ದಾರಿಯಲ್ಲೇ ಇತ್ತು. "ದಮ್ಮಯ್ಯ ಮಾವ, ಯಾರಿಗೂ ಹೇಳ್ಬೇಡಿ" ಅಂದೆ. ಅವರೋ, ಡ್ಯೂಟಿಯ ಭೂತ ಮೈಮೇಲೆ ಬಂದ ಹಾಗೆ ಬಾಲ್ಕನಿಯಲ್ಲಿ ಶತಪಥ ಹಾಕಿದರು.

ಮರುದಿನ ತಪಾಸಣೆಯವರು ಎದುರಿನ ಅಂಗಡಿಗೆ ಬಂದಿದ್ದನ್ನು ನಾವಿಬ್ಬರೂ ಅದೇ ಬಾಲ್ಕನಿಯಿಂದ ನೋಡಿದೆವು. ಮಾಸ್ಕು, ಜಾಕೆಟ್ಟು ತೊಟ್ಟ ಇಬ್ಬರು. ಬಾಗಿಲಲ್ಲಿ ನಿಂತು ನಮಸ್ಕಾರ, ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ, ಒಳಗೊಂದು ಇಣುಕು, ಮತ್ತೆ ನಮಸ್ಕಾರ.

"ಥೂ, ಇದು ರೇಡಾ? ಹೆಣ್ಣು ನೋಡೋಕೆ ಬಂದ ಹಾಗಿದೆ!" ಅಂದರು ಮಾವ. ಆಮೇಲೆ ಬಗ್ಗಿ ಕೆಳಗಿನ ಅಂಗಡಿಯ ಬಾಗಿಲು ನೋಡಿ, "ನಾಳೆ ಕೆಳಗೂ ಬರ್ತಾರೆ. ಬಿಯರ್ ವಾಸನೆ ಬಾಗಿಲಿಗೇ ಬರುತ್ತೆ. ಆ ಹೆಂಗಸು ಬೀದಿಪಾಲಾಗ್ತಾರೆ. ನಡಿ, ನೀನು ಜಪಾನಿಯಲ್ಲಿ ಹೇಳು" ಅಂತ ಚಪ್ಪಲಿ ಮೆಟ್ಟಿದರು.

ನಾನು ದುಭಾಷಿ, ಅವರು ಸಲಹೆಗಾರರು. ಮೂವತ್ತು ವರ್ಷ ಯಾರನ್ನು ಅಟ್ಟಾಡಿಸಿದರೋ ಅವರ ವಿದ್ಯೆಯನ್ನೆಲ್ಲ ಧಾರೆ ಎರೆದರು. ತಣ್ಣಗಿನ ಪಾಟಿನಿಂದ ಹಬೆ ಬರುವುದಿಲ್ಲ, ಪಕ್ಕದಲ್ಲೊಂದು ಬಿಸಿ ಪಾಟು ಇರಲಿ. ಟೀ ಕುಡಿದವರು ಅಷ್ಟು ಜೋರಾಗಿ ನಗುವುದಿಲ್ಲ, ಗಿರಾಕಿಗಳಿಗೆ ಹೇಳಿ. ವಾಸನೆಗೆ ಮಾತ್ರ ಒಂದೇ ಮದ್ದು, ಒಗ್ಗರಣೆ. ಕಳ್ಳಭಟ್ಟಿಯವರು ಒಲೆಗೆ ಮೆಣಸಿನಕಾಯಿ ಹಾಕಿದರೆ ಇಡೀ ಇಲಾಖೆ ಕಣ್ಣೊರೆಸಿಕೊಂಡು ಹೊರಗೋಡುತ್ತಿತ್ತಂತೆ. ಯಜಮಾನಿ ಶ್ರದ್ಧೆಯಿಂದ ತಲೆಯಾಡಿಸಿದರು. ಮನೆಗೆ ಬಂದು ನಾನು ಡಬ್ಬಿಯಿಂದ ಬ್ಯಾಡಗಿ ತೆಗೆದರೆ ಮಾವ ಗದರಿದರು: "ಅದು ಬರೀ ಬಣ್ಣ ಕಣಮ್ಮ. ಗುಂಟೂರು ಕೊಡು."

ಮಾವ ಹೇಳಿದ ಹಾಗೇ ಮಾರನೇ ದಿನ ತಪಾಸಣೆಯವರು ಬಂದರು. ಅವರು ಬಾಗುವುದಕ್ಕೂ ಮಾವ ಕಾದ ಎಣ್ಣೆಗೆ ಒಂದು ಹಿಡಿ ಮೆಣಸಿನಕಾಯಿ ಸುರಿಯುವುದಕ್ಕೂ ಸರಿಹೋಯಿತು. ಅಯ್ಯೋ ಆ ಘಾಟೇ! ಯಜಮಾನಿ ಕೆಮ್ಮಿದರು, ಗಿರಾಕಿಗಳು ಕೆಮ್ಮಿದರು, ಮಾವನೂ ಕೆಮ್ಮಿದರು. ಕೊರೊನಾ ಕಾಲದಲ್ಲಿ ಒಂದು ಅಂಗಡಿ ತುಂಬ ಜನ ಒಟ್ಟಿಗೆ ಕೆಮ್ಮುವುದನ್ನು ಕಂಡ ಆ ಇಬ್ಬರು ನಮಸ್ಕಾರ ಅರ್ಧಕ್ಕೇ ಬಿಟ್ಟು ಓಡಿದರು. ನಾವು ಬಿದ್ದುಬಿದ್ದು ನಕ್ಕೆವು. ಮಾವನ ಮುಖದಲ್ಲಿ ಅಷ್ಟು ಕಳೆ ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆದರೆ ಗಾಳಿಯಾಡಬೇಕೆಂಬ ನಿಯಮಕ್ಕೆ ಅಂಗಡಿಯ ಬಾಗಿಲು, ಕಿಟಕಿ ಎಲ್ಲ ತೆರೆದೇ ಇದ್ದವು. ಕೆಮ್ಮು ಬೀದಿಗೆಲ್ಲ ಕೇಳಿತ್ತು. ಯಾರೂ ಬಂದು ಒಂದು ಮಾತು ಕೇಳಲಿಲ್ಲ. ಇಲ್ಲಿ ಹಾಗೆಲ್ಲ ಕೇಳುವುದು ಮರ್ಯಾದೆಯಲ್ಲವಲ್ಲ. ಅಂಗಡಿ ಹತ್ತಿರ ಬಂದಾಗ ಜನ ರಸ್ತೆಯ ಆಚೆ ಬದಿಗೆ ದಾಟತೊಡಗಿದರು, ಅಷ್ಟೇ. ಹಳೇ ಗಿರಾಕಿಗಳನ್ನು ಅವರ ಮನೆಯವರು ಬಿಡಲಿಲ್ಲ. ಯಜಮಾನಿ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲ ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ಏನೂ ಇಲ್ಲದಿದ್ದರೆ ಚೀಟಿ ಯಾಕೆ ಅಂಟಿಸುತ್ತಾರೆ ಅಂತ ಬೀದಿಯ ಬುದ್ಧಿವಂತರು ಆಚೆ ಬದಿಯಲ್ಲೇ ಉಳಿದರು. ನಾನು ಕಂಡಕಂಡವರಿಗೆಲ್ಲ ಮೆಣಸಿನಕಾಯಿಯ ಕಥೆ ಹೇಳಿದೆ. ಎಲ್ಲರೂ ಹೌದಾ ಹೌದಾ ಅಂತ ಎರಡು ಹೆಜ್ಜೆ ಹಿಂದೆ ಸರಿದೇ ಕೇಳಿಸಿಕೊಂಡರು.

ಶರತ್ಕಾಲದಲ್ಲಿ ನಿಷೇಧ ತೆಗೆದರು. ಆ ವಾರವೇ ಯಜಮಾನಿ ಮೇಲೆ ಬಂದು ನಮ್ಮ ಬಾಗಿಲು ತಟ್ಟಿದರು. ಅಂಗಡಿ ಬಿಟ್ಟುಕೊಟ್ಟಾಗಿದೆ, ದೂರದೂರಿನ ತಂಗಿ ಮನೆಗೆ ಹೊರಟಿದ್ದೇನೆ ಅಂದರು. ಇಷ್ಟು ವರ್ಷ ಕೆಳಗಿನಿಂದ ಗಲಾಟೆ ಮಾಡಿದ್ದಕ್ಕೆ ಸುಮಿಮಾಸೆನ್, ಕ್ಷಮಿಸಿ, ಅಂತ ನಡು ಬಗ್ಗಿಸಿದರು. ನನ್ನ ಹಿಂದೆ ನಿಂತಿದ್ದ ಮಾವನಿಗೆ ಇನ್ನೊಮ್ಮೆ, ಇನ್ನೂ ಕೆಳಗೆ ಬಗ್ಗಿದರು. ನನಗೆ ಅಳು ತಡೆಯಲಾಗಲಿಲ್ಲ.

ಅವರು ಇಳಿದು ಹೋದ ಮೇಲೆ ಮಾವ ಮೆಟ್ಟಿಲ ಕಡೆ ನೋಡುತ್ತಾ ನಿಂತೇ ಇದ್ದರು.

"ಸರ್ವೀಸಿನಲ್ಲಿ ಎಷ್ಟು ಅಂಗಡಿಗೆ ಬೀಗ ಹಾಕಿಸಿದೆನಮ್ಮಾ. ಒಂದಾದರೂ ಮುಚ್ಚಿದ್ದು ಮುಚ್ಚಿದ ಹಾಗೇ ಉಳೀಲಿಲ್ಲ, ಮುಂದಿನ ತಿಂಗಳಿಗೆ ತೆಗೆದುಬಿಡೋರು" ಅಂದರು. "ಪೂರ್ತಿ ಮುಚ್ಚಿಸಿದ್ದು ಇದೊಂದೇ ನೋಡು."