ಮೊದಲು ಮುಖ, ಆಮೇಲೆ ಸೌಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಂಜಿ ಹಂಡೆಯ ತಳ್ಳುಗಾಡಿ ನಿಂತಿದೆ. ಸಾಲು ಆಗಲೇ ಮೂಲೆಯ ಚಪ್ಪಲಿ ಅಂಗಡಿ ದಾಟಿದೆ. ಬಡಿಸಲು ಬಂದಿರುವ ನಿವೃತ್ತ ಮೇಷ್ಟ್ರ ಬೆನ್ನ ಹಿಂದೆ ಗಿಡ್ಡನೆಯ ಹೆಂಗಸೊಬ್ಬರು ಅತ್ತಿಂದಿತ್ತ ಓಡಾಡುತ್ತಿದ್ದಾರೆ.

"ಮೇಷ್ಟ್ರೇ, ಹಂಡೆ ಎಲ್ಲಿಗೂ ಓಡಿಹೋಗಲ್ಲ. ಮೊದಲು ಮುಖ ನೋಡಿ, ಆಮೇಲೆ ಸೌಟು ಎತ್ತಿ!"

ಮೇಷ್ಟ್ರು ಬೈಸಿಕೊಂಡ ವಿದ್ಯಾರ್ಥಿಯ ಹಾಗೆ ತಲೆ ಎತ್ತುತ್ತಾರೆ. ಸಾಲಿನಲ್ಲಿದ್ದ ಹಮಾಲಿಯೊಬ್ಬರು ನಗುತ್ತಾರೆ: "ಇಲ್ಲಿ ಗಂಜಿ ಬೇಕಂದ್ರೆ ಗಡ್ಡ ಬೋಳಿಸ್ಕೊಂಡೇ ಬರಬೇಕು ಸ್ವಾಮಿ."

ವಯಸ್ಸಿನಲ್ಲಿ ಹಿರಿಯರೂ ಈ ಗಿಡ್ಡನೆಯ ಹೆಂಗಸನ್ನು ಅಕ್ಕ ಎಂದೇ ಕರೆಯುತ್ತಾರೆ. ಈ ಸೇವಾಸಂಸ್ಥೆ ಕಟ್ಟಿದ್ದು ಇವರೇ. ದಿನಕ್ಕೆ ಇನ್ನೂರರಷ್ಟು ಜನ ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಮನೆಮಠ ಇಲ್ಲದವರು ಮಲಗಲು ಹಳೆಯ ಗೋದಾಮೊಂದಿದೆ. ಇವರ ಬಗ್ಗೆ ಬರೆಯಲು ಬಂದ ನಾನು ಮಾತಾಡಲೆಂದು ಎಳೆದಿಟ್ಟ ಕುರ್ಚಿಯ ಮೇಲೆ ಈಗ ಈರುಳ್ಳಿ ಚೀಲ ಕೂತಿದೆ.

"ಮದುವೆ ಆದಾಗಿಂದ ಇವಳು ಕೂತಿದ್ದು ನಾನು ನೋಡಿಲ್ಲ. ಜಗಳ ಆಡೋದೂ ಓಡಾಡ್ಕೊಂಡೇ" ಎನ್ನುತ್ತಾರೆ ಪಾತ್ರೆ ಉಜ್ಜುತ್ತಿರುವ ಗಂಡ. ಅಕ್ಕನ ಮಂಡಿನೋವಿಗೆ ಡಾಕ್ಟರು ಕೊಟ್ಟ ಪಟ್ಟಿ ಗಾಡಿಯ ಹಿಡಿಗೆ ಸುತ್ತಿಕೊಂಡಿದೆ.

ಹಿಂದೆ ಅಕ್ಕ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಬಡಿಸುತ್ತಿದ್ದರು. ಮಿಕ್ಕ ಊಟವನ್ನು ಹಿಂಬಾಗಿಲಲ್ಲಿ ಹಸಿದವರಿಗೆ ಹಂಚುವುದೂ ಅವರ ಕೆಲಸವೇ. ಅವರ ಅಣ್ಣ ಬಡಗಿ. ಕೆಲಸ ಹೋದ ಮೇಲೆ ಯಾರಿಗೂ ಹೇಳದೆ ಮನೆ ಬಿಟ್ಟಿದ್ದರು. ಒಂದು ಮಧ್ಯಾಹ್ನ ಅದೇ ಹಿಂಬಾಗಿಲ ಸಾಲಿನಲ್ಲಿ ಬಂದು ನಿಂತರು.

"ನನಗೆ ಗೊತ್ತೇ ಆಗ್ಲಿಲ್ಲ. ಬಡಿಸೋರ ಕಣ್ಣು ತಟ್ಟೆ ಮೇಲಿರತ್ತೆ, ಸೌಟಿನ ಮೇಲಿರತ್ತೆ. ಕೈಗಳಷ್ಟೇ ಕಾಣೋದು. ಹಾಕ್ದೆ, 'ಮುಂದೆ ನಡೀರಿ' ಅಂದೆ. ಒಡಹುಟ್ಟಿದ ಅಣ್ಣಂಗೆ."

ಸಂಜೆ ಕ್ಯಾಂಟೀನಿನ ಪಾತ್ರೆ ತೊಳೆಯುವಾಕೆ ವಿಷಯ ಹೇಳಿದಳು. ಗೋಡೆಗೊರಗಿ ಉಂಡವನೊಬ್ಬ ತಟ್ಟೆ ವಾಪಸು ಕೊಡುತ್ತ, "ಬಡಿಸಿದ್ದು ನನ್ನ ತಂಗಿ, ಚೆನ್ನಾಗಿದಾಳೆ, ಅಷ್ಟು ಸಾಕು" ಎಂದು ಹೋದನಂತೆ. ಅಕ್ಕ ಬೀದಿ ಬೀದಿ ಓಡಿದರು. ಅಣ್ಣ ಸಿಗಲಿಲ್ಲ. ಹುಡುಕಲು ಹೊರಟವರು ಬರಿಗೈಲಿ ಹೋಗುವುದೆಂತು ಎಂದು ಒಂದು ಡಬ್ಬಿ ಗಂಜಿ ಒಯ್ಯತೊಡಗಿದರು. ಬರಬರುತ್ತ ಆ ಡಬ್ಬಿಯೇ ಹಂಡೆಯಾಯಿತು.

ಇದನ್ನು ಹೇಳುತ್ತಿದ್ದವರು ತಟ್ಟನೆ ಮಾತು ಬಿಟ್ಟು ಓಡುತ್ತಾರೆ. ಸಾಲಿನ ಕೊನೆಯಲ್ಲಿ ಕಂಬಳಿ ಹೊದ್ದ ಎತ್ತರದ ಮನುಷ್ಯನೊಬ್ಬ ತಲೆ ತಗ್ಗಿಸಿ ನಿಂತಿದ್ದಾನೆ. ಅಕ್ಕ ಬಗ್ಗಿ ಅವನ ಮುಖ ನೋಡುತ್ತಾರೆ.

"ಅಲ್ಲ" ಎನ್ನುತ್ತ ಹಿಂತಿರುಗುತ್ತಾರೆ. "ಆದ್ರೂ ಯಾರದೋ ಅಣ್ಣನೇ ಅಲ್ವಾ? ಮೇಷ್ಟ್ರೇ, ಅವರಿಗೆ ಬಿಸೀದು ಕೊಡಿ."

ಸಾಲು ಕರಗುತ್ತದೆ; ಹಂಡೆಯಲ್ಲಿ ಇನ್ನೂ ಅರ್ಧ ಗಂಜಿ ಇದೆ. ಅಕ್ಕ ಗಾಡಿ ತಳ್ಳತೊಡಗುತ್ತಾರೆ. ಇನ್ನೂ ಎರಡು ಬೀದಿ ಇದೆ. ನಾನು ಏದುಸಿರು ಬಿಡುತ್ತ ಹಿಂದೆ ಹೋಗಿ ಕೇಳುತ್ತೇನೆ: ಅಣ್ಣ ಸಿಕ್ಕಿದರೆ ಮೊದಲು ಏನು ಬಡಿಸುತ್ತೀರಿ?

ಗಾಡಿ ನಿಲ್ಲುತ್ತದೆ. ಬೆಳಗಿನಿಂದ ಅವರು ನಿಂತದ್ದು ಇದೇ ಮೊದಲು.

"ನಾನು ಬಡಿಸಲ್ಲ. ಮೇಷ್ಟ್ರು ಬಡಿಸ್ಲಿ. ನಾನು ಅಣ್ಣನ ಪಕ್ಕದಲ್ಲಿ ಕೂತ್ಕೋತೀನಿ."