ಪ್ಲಾಸ್ಟಿಕ್ ಉರುಳಿಯ ಕಿಲುಬು

ಕಿಲುಬು ಬರಿಸುವುದರಲ್ಲಿ ನನ್ನನ್ನು ಮೀರಿಸುವವರು ಬಿಜೈಯಲ್ಲಿ ಇರಲಿಕ್ಕಿಲ್ಲ. ಜಂಬ ಅಂದರೆ ಜಂಬ, ಇರಲಿ. ಅಗ್ಗದ ಪ್ಲಾಸ್ಟಿಕ್ ಹೂದಾನಿಯೋ ಫೈಬರಿನ ಚೌಕಟ್ಟೋ, ಏನು ಕೊಟ್ಟರೂ ಅಜ್ಜನ ಕಾಲದ ಕಂಚಿನಂತೆ ಮಾಡಿಕೊಡುತ್ತೇನೆ. ಮೊದಲು ಚಾಕ್ ಪುಡಿ ಕಲಸಿದ ಕಪ್ಪು ಬಣ್ಣ ಬಳಿಯಬೇಕು. ಒಣಗಿದ ಮೇಲೆ ಸ್ಪಂಜಿನಲ್ಲಿ ಕಂದು, ಅದರ ಮೇಲೆ ಚಿನ್ನದ ಬಣ್ಣ, ಸವರಿದರೂ ಸವರದ ಹಾಗೆ. ಕೊನೆಗೆ ಹಳೆಯ ಟೂತ್‌ಬ್ರಷ್ಷಿನಿಂದ ಸಂದುಸಂದಿಗೆ ನೀಲಿ ಬೆರೆತ ಹಸಿರು ಕುಟ್ಟಿ, ಬಟ್ಟೆಯಲ್ಲಿ ಅರ್ಧ ಒರೆಸಿ ಬಿಡುವುದು. ಪೂರ್ತಿ ಒರೆಸಿದರೆ ಹೊಸತಾಗಿ ಕಾಣುತ್ತದೆ, ಒರೆಸದಿದ್ದರೆ ಬರೀ ಕೊಳಕು.

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ಅತ್ತೆ. ಅವರದ್ದು ಗುತ್ತಿನ ಮನೆತನ, ಒಂದು ಕಾಲದ ಊರ ಜಮೀನ್ದಾರರು. ಪಾಲಾಗುವಾಗ ಕಂಚು, ಹಿತ್ತಾಳೆ ಎಲ್ಲ ಅವರ ಅಕ್ಕನ ಮನೆ ಸೇರಿತು. ಇವರಿಗೆ ಉಳಿದದ್ದು ಗತ್ತು ಮಾತ್ರ, ಅದರಲ್ಲಿ ಅವರು ಯಾರಿಗೂ ಪಾಲು ಕೊಡಲಿಲ್ಲ. ಹೊಸ ಫ್ಲಾಟಿನ ಗೃಹಪ್ರವೇಶಕ್ಕೆ ಬಾಗಿಲ ಹತ್ತಿರ ಹೂ ತೇಲಿಸಿ ಇಡಲು ಹಳೆಯ ನಮೂನೆಯ ಉರುಳಿ, ಆ ಅಗಲ ಬಾಯಿಯ ಕಂಚಿನ ಪಾತ್ರೆ, ಬೇಕೆಂದರು. ಅಂಗಡಿಯಿಂದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಉರುಳಿ ತಂದೆ. ನಾನು ಬಣ್ಣ ಬಳಿಯುವಾಗ ಪಕ್ಕದಲ್ಲೇ ಕುರ್ಚಿ ಹಾಕಿ ಕುಳಿತು, "ಇಲ್ಲಿ ಇನ್ನೂ ಸ್ವಲ್ಪ ಕಿಲುಬು ಬರಲಿ" ಎಂದು ಬೆರಳು ತೋರಿಸಿದರು. ವಾರ್ನಿಷ್ ಹಚ್ಚಲು ಮಾತ್ರ ಸಮಯ ಸಿಗಲಿಲ್ಲ.

ನನ್ನ ಅಮ್ಮನ ಮನೆ ನದಿಯಾಚೆ, ಮೀನುಗಾರರ ಬೆಂಗ್ರೆಯಲ್ಲಿ. ನಮ್ಮದು ಮೆಚ್ಚಿ ಆದ ಮದುವೆ. ಅತ್ತೆ ನನ್ನನ್ನು ಹೇಗೋ ನುಂಗಿಕೊಂಡರು, ಅಮ್ಮನನ್ನು ನುಂಗಲಿಲ್ಲ. ಅಮ್ಮ ಬಂದರೆ ಎಸಿ ಓಡುತ್ತಿದ್ದರೂ ಎದ್ದು ಹೋಗಿ ಕಿಟಕಿ ತೆರೆಯುತ್ತಿದ್ದರು. ಮೀನಿನ ವಾಸನೆಯಂತೆ. ಅತ್ತೆಯೋ, ದಿನಾ ಮಧ್ಯಾಹ್ನ ಬಂಗುಡೆ ಮೀನು ಇಲ್ಲದೆ ಉಣ್ಣದ ಮನುಷ್ಯೆ! ಈ ಒಂದು ದಿನವಾದರೂ ಅಮ್ಮ ಎಲ್ಲರ ಎದುರು ಮರ್ಯಾದೆಯಿಂದ ಕೂತು ಉಂಡು ಹೋಗಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಭಟ್ಟರನ್ನು ಕರೆತರಲು ನಾನೂ ಗಂಡನೂ ಕೆಳಗೆ ಹೋಗಿದ್ದೆವು. ಆಗ ನಡೆದದ್ದನ್ನು ನಾನು ನೋಡಿದ್ದು ಆಮೇಲೆ, ನಾದಿನಿ ಮೊಬೈಲಿನಲ್ಲಿ ತೆಗೆದ ವೀಡಿಯೋದಲ್ಲಿ. ಅವಳು ಅದನ್ನು ಫ್ಯಾಮಿಲಿ ಗ್ರೂಪಿಗೇ ಹಾಕಿದ್ದಳು.

ಅಮ್ಮ ಇನ್ನೂ ನೀರು ತುಂಬದ ಉರುಳಿಯ ಮುಂದೆ ಬಗ್ಗಿ ನಿಂತಿದ್ದಾರೆ. ಕಿಲುಬು ಹಿಡಿದ ಪಾತ್ರೆಯನ್ನು ಬಾಗಿಲಲ್ಲಿ ಇಟ್ಟ ಹೆಂಗಸನ್ನು ನಮ್ಮ ಕಡೆ ಹೆಂಗಸರ ಲೆಕ್ಕಕ್ಕೇ ಸೇರಿಸುವುದಿಲ್ಲ. ಯಾರಾದರೂ ನೋಡಿದರೋ ಎಂದು ಅಮ್ಮ ಆಚೀಚೆ ನೋಡಿ ಸೆರಗಿನ ತುದಿಯಿಂದ ಮೆಲ್ಲಗೆ ಒರೆಸುತ್ತಾರೆ.

"ಎಂತ ನೋಡ್ತೀರಿ?" ಅತ್ತೆಯ ಸ್ವರ.

"ಏನಿಲ್ಲ ಅಕ್ಕ, ಸ್ವಲ್ಪ ಕಿಲುಬು ಹಿಡಿದಿದೆ."

"ಹಿಡಿಯದೆ ಮತ್ತೆ? ನಿಮ್ಮ ಮಗಳಿಗೆ ತಿಕ್ಕಲಿಕ್ಕೆ ಪುರುಸೊತ್ತುಂಟಾ? ಒಳಗೆ ಹುಣಸೆಹುಳಿ ಉಂಟು. ನೀವೇ ಒಮ್ಮೆ ತಿಕ್ಕಿಬಿಡಿ, ನಿಮಗೆ ಅಭ್ಯಾಸ ಉಂಟಲ್ಲ."

ಕೂತಿದ್ದ ಹೆಂಗಸರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ. ಅದು ಪೇಂಟ್ ಎಂದು ಅಮ್ಮನೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅಮ್ಮ ಇದ್ದದ್ದರಲ್ಲಿ ಒಳ್ಳೆಯ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಬಾಲ್ಕನಿಯ ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಹುಳಿ ಹಚ್ಚಿ ತೆಂಗಿನ ನಾರಿನಿಂದ ಉಜ್ಜತೊಡಗಿದರು. ಮೊದಲು ಹಸಿರು ಹರಿಯಿತು, ಆಮೇಲೆ ಕಪ್ಪು. ಕೊನೆಗೆ ಗುಲಾಬಿ ಪ್ಲಾಸ್ಟಿಕ್ ಹೊರಬಂತು.

"ನಿಮ್ಮ ಕೈಗುಣವೇ ಗುಣ," ಎಂದರು ಅತ್ತೆ. "ಕಂಚನ್ನೂ ಪ್ಲಾಸ್ಟಿಕ್ ಮಾಡಿದಿರಿ."

ಲಿಫ್ಟಿನಿಂದ ಹೊರಬರುವಾಗ ಆ ಮಾತಿಗೆ ಎದ್ದ ನಗು ನನಗೂ ಕೇಳಿಸಿತ್ತು. ಭಟ್ಟರ ಗಡಿಬಿಡಿಯಲ್ಲಿ ಬಾಗಿಲಲ್ಲಿ ಉರುಳಿ ಇಲ್ಲದ್ದನ್ನೂ ಗಮನಿಸದೆ, ಅಂತೂ ಅಮ್ಮ ಎಲ್ಲರ ಜೊತೆ ಬೆರೆತರಲ್ಲ ಎಂದು ಖುಷಿಪಟ್ಟೆ, ದಡ್ಡಿ.

ಊಟಕ್ಕೆ ಕೂತಾಗ ನಾದಿನಿ ಸ್ಟೀಲಿನ ಲೋಟವನ್ನು ಅಮ್ಮನ ಎದುರು ಹಿಡಿದು, "ಇದನ್ನೂ ಒಮ್ಮೆ ತಿಕ್ಕಿ ನೋಡ್ತೀರಾ ಆಂಟಿ?" ಎಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಉಗುರಿನ ಸಂದಿಯಲ್ಲಿ ಕಪ್ಪು ಕೂತಿದ್ದ ಕೈಯಿಂದ ಅನ್ನ ಕಲಸುತ್ತ ಅಮ್ಮನೂ ನಕ್ಕರು. ನನ್ನ ಗಂಡ ತಲೆ ಎತ್ತದೆ ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು.

ಸಂಜೆ ಅಮ್ಮನನ್ನು ಫೆರಿಗೆ ಬಿಡಲು ಬಂದರಿಗೆ ಹೋದೆ. ಅಷ್ಟು ಹೊತ್ತಿಗೆ ವೀಡಿಯೋ ನೋಡಿಯಾಗಿತ್ತು. ಅತ್ತೆಯ ಮೇಲಿನ ಸಿಟ್ಟನ್ನೆಲ್ಲ ಅಮ್ಮನ ಮೇಲೆ ಸುರಿದೆ. "ನಿನಗೆ ಎಂತಕ್ಕೆ ಬೇಕಿತ್ತು ಅದು? ಸುಮ್ಮನೆ ಕೂರಲಿಕ್ಕೆ ಆಗಲಿಲ್ವಾ? ಬಣ್ಣ ಯಾವುದು, ಕಿಲುಬು ಯಾವುದು ಅಂತ ಗೊತ್ತಾಗುವುದಿಲ್ವಾ?"

"ಎತ್ತುವಾಗಲೇ ಗೊತ್ತಾಯ್ತು ಮಗಾ. ಕಂಚು ಅಷ್ಟು ಹಗುರ ಉಂಟಾ?"

"ಗೊತ್ತಾಗಿಯೂ ಉಜ್ಜಿದೆಯಾ?"

"ಅವರಿಗೆ ಇವತ್ತು ಯಾರನ್ನಾದರೂ ನೋಡಿ ನಗಬೇಕಿತ್ತು. ನಾನಾದರೆ ಫೆರಿ ಹತ್ತಿ ಹೋಗ್ತೇನೆ. ನೀನು ಅಲ್ಲೇ ಇರಬೇಕಲ್ಲ." ಚಪ್ಪಲಿ ಕೈಯಲ್ಲಿ ಹಿಡಿದು ದೋಣಿಗೆ ಕಾಲಿಡುತ್ತ, "ನನಗೆ ಗೊತ್ತಿತ್ತು ಅಂತ ಅವರ ಹತ್ತಿರ ಹೇಳಬೇಡ," ಎಂದರು.

ಮನೆಗೆ ಬಂದರೆ ಅತ್ತೆ ಸೋಫಾದಲ್ಲಿ ಕಾಲು ಚಾಚಿ ಅದೇ ವೀಡಿಯೋ ನೋಡುತ್ತಿದ್ದರು. "ಎಂತ, ನಿನ್ನ ಅಮ್ಮನಿಗೆ ಬೇಸರ ಆಯ್ತಾ?" ಎಂದು ಕೇಳಿದರು.

ನಾಲಗೆಯ ತುದಿಗೆ ಬಂದದ್ದನ್ನು ಆಡಿದ್ದರೆ ಆ ಮನೆಯಲ್ಲಿ ನನ್ನ ಅಂದಿನ ಊಟವೇ ಕೊನೆಯದಾಗುತ್ತಿತ್ತು.

"ಇಲ್ಲ ಅತ್ತೆ," ಎಂದೆ. "ಕಂಚು ಹೇಗೆ ಗುಲಾಬಿ ಆಯ್ತು ಅಂತ ಫೆರಿ ಹತ್ತುವವರೆಗೂ ಕೇಳ್ತಾ ಇದ್ದರು."

ನಕ್ಕು ನಕ್ಕು ಅತ್ತೆಯ ಕಣ್ಣಲ್ಲಿ ನೀರು ಬಂತು. ನಾದಿನಿಯನ್ನೂ ಒಳಗಿನಿಂದ ಕರೆದು, ಇನ್ನೊಮ್ಮೆ ಹೇಳು ಎಂದರು. ಹೇಳಿದೆ.