ನಾರಾದಲ್ಲಿ ಹೊರಗೆ ಕೂತದ್ದು

ಜಪಾನಿನ ಒಸಾಕಾಗೆ ಹೋಗೋಣವೆಂದು ಹಟ ಹಿಡಿದವಳು ನಾನೇ. ಆಗ ನಾವು ಸಿಂಗಪುರದ ಕ್ಲೆಮೆಂಟಿ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿದ್ದೆವು. ಗಂಡ ಬ್ಯಾಂಕಿನಲ್ಲಿದ್ದರು, ಬ್ಯಾಂಕುಗಳಿಗೆ ಅದು ಸುಗ್ಗಿಯ ಕಾಲ. ಶಾಲೆಗೆ ರಜೆ ಬಂದರೆ ಸಾಕು, ಪರಿಚಯದವರೆಲ್ಲ ಯಾವುದಾದರೂ ದೇಶಕ್ಕೆ ಹಾರಿ, ಮರಳಿ ಬಂದು ಊಟಕ್ಕೆ ಕರೆದು ಫೋಟೋ ತೋರಿಸುತ್ತಿದ್ದರು. ಮದುವೆಗೆ ಮುಂಚೆ ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ಸಿಂಗಪುರಕ್ಕೆ ಬಂದ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ಲೈಬ್ರರಿಯಿಂದ ಪುಸ್ತಕ ತಂದು, ಒಸಾಕಾದಲ್ಲಿ ಉಳಿದುಕೊಂಡು ನಾರಾ, ಕ್ಯೋಟೋ, ಹಿಮೇಜಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಹಾಗೆ ಎಲ್ಲ ಹೊಂದಿಸಿದೆ. ಗಂಡನ ಆಫೀಸಿನ ಸ್ನೇಹಿತರೊಬ್ಬರು, ಹುಬ್ಬಳ್ಳಿ ಕಡೆಯವರು, ಹೆಂಡತಿ ಮಕ್ಕಳ ಸಮೇತ ಜೊತೆಗೂಡಿದರು.

ನಾರಾದ ರೈಲಿನಲ್ಲಿ ಗಂಡನಿಗೆ ಅಲ್ಲಿನ ದೊಡ್ಡ ಬುದ್ಧನ ವಿಷಯ ಹೇಳಿದೆ. ಅದನ್ನು ಎರಕ ಹೊಯ್ಯಲು ದೇಶದ ತಾಮ್ರವೆಲ್ಲ ಸಾಲದಾಯಿತು ಎನ್ನುವ ಮಾತು, ಕಣ್ಣು ಬರೆಯುವ ದಿನ ನಮ್ಮ ದೇಶದಿಂದ ಹೋಗಿದ್ದ ಭಿಕ್ಷುವೊಬ್ಬ ಕುಂಚ ಹಿಡಿದದ್ದು, ಎಲ್ಲ. ಒಳಗೆ ಒಂದು ಕಂಬದ ಬುಡದಲ್ಲಿ ತೂತಿದೆ, ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಗಲವಂತೆ, ಮಕ್ಕಳು ಅದರಲ್ಲಿ ತೂರಿ ಆಚೆ ಬರುತ್ತಾರೆ ಎಂದೂ ಹೇಳಿದೆ. ಅವರು ಹೂಂಗುಟ್ಟುತ್ತ ಕ್ಯಾಮೆರಾದ ಗಾಜು ಒರೆಸುತ್ತಿದ್ದರು.

ದೇವಾಲಯದ ಬಾಗಿಲಲ್ಲಿ ನನ್ನ ಮಗಳೂ ಸ್ನೇಹಿತರ ದೊಡ್ಡ ಮಗುವೂ ಅಲ್ಲಿ ಅಡ್ಡಾಡುವ ಜಿಂಕೆಗಳ ಹಿಂದೆ ಓಡುತ್ತಿದ್ದರು. ಸ್ನೇಹಿತರ ಚಿಕ್ಕ ಕೂಸು ಸ್ಟ್ರೋಲರ್‌ನಲ್ಲಿ ನಿದ್ದೆ ಹೋಗಿತ್ತು.

"ಮಕ್ಳಿಗೆ ಒಳಗೇನಿದೆ? ಜಿಂಕೆ ಸಾಕು," ಎಂದರು ಗಂಡ. "ನೀನು ಇಲ್ಲೇ ಇರು. ನಾವು ಬಂದ್ಮೇಲೆ ನೀನು ಹೋಗುವಂತೆ."

ಸ್ನೇಹಿತರ ಹೆಂಡತಿ ನಕ್ಕು, "ನೀವು ಟೀಚರ್ ಅಲ್ವಾ, ಮಕ್ಳು ನಿಮ್ಮ ಮಾತೇ ಕೇಳೋದು," ಎಂದು ತಮ್ಮ ಕೈಚೀಲವನ್ನೂ ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದರು.

ಬಹಳ ಹೊತ್ತಿಗೆ ಮೂವರೂ ಬಂದರು. ನಾನು ಎದ್ದು ನಿಂತೆ. ಗಂಡ ಗಡಿಯಾರ ನೋಡಿ, "ಈಗಲೇ ಹೊರಟ್ರೆ ಒಸಾಕಾದಲ್ಲಿ ಕ್ಯಾಮೆರಾ ಅಂಗಡಿ ಕವರ್ ಮಾಡ್ಬಹುದು," ಎಂದರು.

"ನಾನಿನ್ನೂ ನೋಡಿಲ್ಲ."

"ನಾಳೆ ಕ್ಯೋಟೋದಲ್ಲಿ ಬೇಕಾದಷ್ಟು ದೇವಸ್ಥಾನ ಇದೆಯಲ್ಲ. ಎಲ್ಲಾ ಒಂದೇ ಥರಾನೇ."

ಮಕ್ಕಳೆದುರು, ಪರರೆದುರು ಏನೆನ್ನುವುದು? ಹಲ್ಲು ಕಚ್ಚಿಕೊಂಡು ಸ್ಟ್ರೋಲರ್ ತಳ್ಳಿದೆ. ಕ್ಯೋಟೋದಲ್ಲಿ ಅರ್ಧ ದಿನ ಸಾಮಾನು ಕೊಳ್ಳುವುದರಲ್ಲೇ ಹೋಯಿತು. ಹಿಮೇಜಿಯ ಕೋಟೆಯನ್ನಂತೂ ನನ್ನನ್ನು ಒಂದು ಮಾತೂ ಕೇಳದೆ ಕೈಬಿಟ್ಟರು.

ಸಿಂಗಪುರಕ್ಕೆ ವಾಪಸು ಬಂದ ಮೇಲೆ ಬುಕಿತ್ ಬಾಟೋಕ್‌ನಲ್ಲಿ ಆ ಸ್ನೇಹಿತರ ಕಾಂಡೋ ಫ್ಲ್ಯಾಟಿನಲ್ಲಿ ಊಟ. ಕನ್ನಡದ ಮನೆಗಳವರೆಲ್ಲ ಸೇರಿದ್ದರು. ಟೀವಿಯಲ್ಲಿ ಫೋಟೋಗಳು ಬರುತ್ತಿದ್ದ ಹಾಗೆ ಗಂಡ ಎದ್ದು ನಿಂತು ವಿವರಿಸಿದರು. ತಾಮ್ರ, ಭಿಕ್ಷು, ಕುಂಚ. ನನ್ನ ಮಾತೇ, ನನ್ನ ಪದಗಳೇ. "ಎಷ್ಟು ಓದ್ಕೊಂಡಿದೀರ ಸಾರ್," ಎಂದರು ಯಾರೋ. ಗಂಡ ಮುಗುಳ್ನಕ್ಕರು. ಅಷ್ಟರಲ್ಲಿ ಕಂಬದ ತೂತಿನಿಂದ ತಲೆ ಹೊರಹಾಕಿದ ಜಪಾನಿ ಮಗುವೊಂದರ ಫೋಟೋ ಬಂತು.

ನೆಲದ ಮೇಲೆ ಕೂತಿದ್ದ ನನ್ನ ಮಗಳು ಅರ್ಧ ಕನ್ನಡ, ಅರ್ಧ ಸಿಂಗಪುರದ ಮಕ್ಕಳ ಇಂಗ್ಲಿಷಿನಲ್ಲಿ ಕೇಳಿದಳು, "ಅಪ್ಪಾ, ನನ್ನನ್ಯಾಕೆ ಕರ್ಕೊಂಡು ಹೋಗ್ಲಿಲ್ಲ? ಐ ಆಲ್ಸೋ ಸ್ಮಾಲ್ ಲಾ."

ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ಆಂಟಿಯೊಬ್ಬರು ನನ್ನ ಕಡೆ ತಿರುಗಿ, "ನಿಮಗೆ ಹೇಗನ್ನಿಸ್ತು ಬುದ್ಧನ್ನ ನೋಡಿ?" ಎಂದರು.

"ನಾನು ನೋಡಿಲ್ಲ ಆಂಟಿ. ಮಕ್ಕಳನ್ನೂ ಕೈಚೀಲಾನೂ ಕಾಯ್ಕೊಂಡು ಹೊರಗೆ ಕೂತಿದ್ದೆ. ಇವರು ಈಗ ಹೇಳಿದ್ದೆಲ್ಲ ನಾನು ರೈಲಲ್ಲಿ ಇವರಿಗೆ ಹೇಳಿದ್ದು."

ಸ್ನೇಹಿತರ ಹೆಂಡತಿ ಎದ್ದು, ಯಾರೂ ಕೇಳದಿದ್ದರೂ ಪಾಯಸ ಬಡಿಸತೊಡಗಿದರು.

ಲಿಫ್ಟ್ ಇಳಿದು ಹೊರಗೆ ಬಂದ ಮೇಲೆ ಗಂಡ, "ಎಲ್ಲರೆದುರು ಮಾನ ಕಳೆದೆ. ಇಷ್ಟು ಸಣ್ಣ ವಿಷಯಕ್ಕೆ," ಎಂದರು.

"ಸಣ್ಣ ವಿಷಯ ಆಗಿದ್ರೆ ನೀವೇ ಹೊರಗೆ ಕೂರಬಹುದಿತ್ತಲ್ಲ?"

"ಡಿಸೆಂಬರಲ್ಲಿ ಇನ್ನೊಂದ್ಸಲ ಬುಕ್ ಮಾಡಿದ್ರಾಯ್ತು, ಬಿಡು."

ಡಿಸೆಂಬರ್‌ನಲ್ಲಿ ಬೋನಸ್ಸಿಗೆ ಹೊಸ ಕ್ಯಾಮೆರಾ ಬಂತು, ಜಪಾನಿನ ಮಾತು ಯಾರೂ ಎತ್ತಲಿಲ್ಲ. ಗಡಿಯಾಚೆಯ ಮಲಕ್ಕಾಗೆ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಿದೆವು. ಮಲಕ್ಕಾದ ಬಗ್ಗೆಯೂ ನಾನು ಓದಿಕೊಂಡೇ ಹೋಗಿದ್ದೆ. ಹಿಂದಿನ ಸೀಟಿನಲ್ಲಿ ಮಗಳ ಕಿವಿಯಲ್ಲಿ ಸುಲ್ತಾನರ ಕಥೆ, ಪೋರ್ಚುಗೀಸರ ಕೋಟೆಯ ಕಥೆ ಹೇಳುತ್ತಿದ್ದೆ. ಮುಂದಿನ ಸೀಟಿನಿಂದ ಗಂಡ ತಿರುಗಿ, "ಏನದು?" ಎಂದು ಕೇಳಿದರು.

"ಏನಿಲ್ಲ," ಎಂದೆ. ಅವರು ಮತ್ತೆ ಮುಂದಕ್ಕೆ ತಿರುಗುವವರೆಗೂ ಸುಮ್ಮನಿದ್ದು, ಆಮೇಲೆ ಮುಂದುವರಿಸಿದೆ.